ಬೆನ್ನುನೋವಿನ ವರ್ಷ

ಕೈ ಸೋಫಾದ ಸಂದಿಯೊಳಗೆ ಮೊಣಕೈವರೆಗೂ ಹೋಗಿತ್ತು. ಮಗಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಆ ಸದ್ದು ನಿಲ್ಲುವುದರೊಳಗೆ ಕೈ ಹೊರಗೆ ಬರಬೇಕಿತ್ತು. ಬೆರಳಿಗೆ ಮೊದಲು ಒಂದು ಹೇರ್‌ಪಿನ್ನು ಸಿಕ್ಕಿತು, ಆಮೇಲೆ ಒಂದಿಷ್ಟು ಧೂಳು, ಆಮೇಲೆ ಚರ್ರೆನ್ನುವ ಏನೋ ಒಂದು. ಎಳೆದು ನೋಡಿದರೆ ಮಾತ್ರೆಯ ಪಟ್ಟಿ, ಅರ್ಧ ಖಾಲಿ. ಸೋಫಾದವನು ಅದನ್ನು ಅಂಗಿಯ ಜೇಬಿಗೆ ಇಳಿಸಿ, ಮೊಣಕಾಲು ಕೊಡವಿಕೊಂಡು, ಏನೂ ಆಗದವನಂತೆ ಎದುರಿನ ಕುರ್ಚಿಯಲ್ಲಿ ಕೂತ.

"ಅಪ್ಪಾ, ಸಕ್ಕರೆ ಕಮ್ಮಿ ಹಾಕ್ಲಾ?" ಒಳಗಿನಿಂದ ಮಗಳ ದನಿ ಬಂತು.

"ಯಾವಾಗ್ಲೂ ಹಾಕೋ ಹಾಗೇ ಹಾಕು. ಸಕ್ಕರೆಗೂ ನನಗೂ ಇನ್ನೂ ಜಗಳ ಶುರುವಾಗಿಲ್ಲ."

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ ಸೋಫಾದವನು ಎಂದು. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಹೊರಗೆ ಇಣುಕುವ ಬೆಂಚು, ಯಾವುದೇ ಬರಲಿ, ಹಳೇ ಬಟ್ಟೆ ಬಿಚ್ಚಿ ಹೊಸ ಸ್ಪಂಜು ತುಂಬಿ ಮೊಳೆ ಹೊಡೆದು ಕೊಡುವುದು ಅವನ ಕೆಲಸ. ಈ ಕೆಲಸ ಮಾಡುವವರಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ಅವರ ಸೀಟು ನೋಡುತ್ತಾರೆ. ಈ ಮನೆಯ ಯಜಮಾನ ಒಂದೇ ಮಗ್ಗುಲಿಗೆ ವಾಲಿ ಕೂರುತ್ತಾನೆ, ಈ ಮನೆಯ ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತು ಬಹಳ ಕಾಲವಾಯಿತು ಎಂದೆಲ್ಲ ಅವನು ಅಂಗೈಯಲ್ಲಿ ಒತ್ತಿ ಹೇಳುತ್ತಿದ್ದ. ಹೇಳಿದ್ದು ಎಷ್ಟೋ ಸಲ ನಿಜವೂ ಆಗುತ್ತಿತ್ತು, ಆದ್ದರಿಂದ ಅವನಿಗೆ ತನ್ನ ಅಂಗೈ ಮೇಲೆ ವಿಪರೀತ ನಂಬಿಕೆ.

ಈ ಸೋಫಾ ಅವನೇ ಮಗಳ ಮದುವೆಗೆ ಮಾಡಿಕೊಟ್ಟದ್ದು. ಇದ್ದುದರಲ್ಲೇ ಗಟ್ಟಿ ಸ್ಪಂಜು ಹುಡುಕಿ ತಂದು ತುಂಬಿದ್ದ. ಆನೆ ಕೂತು ಎದ್ದರೂ ಮತ್ತೆ ಉಬ್ಬಬೇಕು, ಹಾಗಿತ್ತು. ಈಗ ನೋಡಿದರೆ ಗೋಡೆ ಕಡೆಯ ಸೀಟು ಗುಂಡಿ ಬಿದ್ದಿದೆ. ಕಿಟಕಿಗೆ ಬೆನ್ನು ಮಾಡಿ ಕೂರುವ ಜಾಗ ಅದು, ಅಲ್ಲಿಂದ ಗೋಡೆ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಮಗಳು ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ, ಮೇಲಾಗಿ ಹಗಲೆಲ್ಲ ಬಿಸ್ಕತ್ತು ಕಾರ್ಖಾನೆಯಲ್ಲಿರುತ್ತಾಳೆ. ಅಳಿಯನೋ, ಬಾಗಿಲು ತುಂಬುವ ಆಳು. ಮಧ್ಯಾಹ್ನವೆಲ್ಲ ಮನೆಯಲ್ಲೇ ಇರುತ್ತಾನೆ. ಇಂಥ ಸ್ಪಂಜು ಕುಸಿಯಬೇಕಾದರೆ ಅಂಥದ್ದೇ ಮೈ ಬೇಕು. ಇದರಲ್ಲಿ ಎರಡು ಮಾತಿಲ್ಲ ಎಂದುಕೊಂಡ ಸೋಫಾದವನು.

ಅಳಿಯ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲಿನ ಕಾಲನ್ನು ಈ ಪ್ರಾಣಿ ಮನೆಗೆ ಬಂದರೂ ತೆಗೆಯುವುದಿಲ್ಲ ಎಂದು ಮಾವನ ದೂರು. ಮಾತು ಶುರು ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ, ನಕ್ಕರೆ ತುಟಿಯ ಅಂಚಿನಲ್ಲೇ ನಿಲ್ಲುತ್ತದೆ. ಹಾಗಾಗಿ ಅವನಿಗೆ ಮಾವ ಇಟ್ಟ ಹೆಸರು ಬ್ರೇಕು. ಆದರೆ ಮಾತಾಡಬಾರದ ಜಾಗದಲ್ಲಿ ಮಾತ್ರ ಪುಣ್ಯಾತ್ಮ ಬಾಯಿ ಬಿಟ್ಟಿದ್ದ. ಹೆಣ್ಣು ಕೇಳಲು ಬಂದ ದಿನವೇ ಅಂಗಡಿಯ ಸ್ಟೂಲಿನ ಮೇಲೆ ನೆಟ್ಟಗೆ ಕೂತು, "ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಮ್ಮ ತಂದೆಗೆ ಖಿನ್ನತೆ ಇತ್ತು. ಕೊನೆಕೊನೆಗೆ ಕೋಣೆ ಬಿಟ್ಟು ಹೊರಗೇ ಬರ್ತಿರ್ಲಿಲ್ಲ. ನನಗೂ ಬಂದ್ರೆ ಬರಬಹುದು, ಬರದೇನೂ ಇರಬಹುದು. ಆಮೇಲೆ ಹೇಳಲಿಲ್ಲ ಅನ್ಬೇಡಿ," ಎಂದಿದ್ದ. ಸ್ವಂತ ಮನೆಯ ಹುಳುಕನ್ನು ಸ್ವಂತ ಬಾಯಿಂದ ಯಾರಾದರೂ ಹೇಳುತ್ತಾರೆಯೇ? ಒಂದೋ ಇವನು ಪೆದ್ದ, ಇಲ್ಲವೇ ಭಾರೀ ಚಾಲಾಕಿ. ಮಗಳು ಹಟ ಹಿಡಿದದ್ದರಿಂದ ಮದುವೆ ಆಯಿತು. ಅಂದಿನಿಂದ ಸೋಫಾದವನು ಅಳಿಯನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಲೇ ಇದ್ದ, ಹಾಲು ಯಾವಾಗ ಉಕ್ಕೀತೋ ಎಂದು ಒಲೆಯ ಮುಂದೆ ನಿಂತವರ ಹಾಗೆ.

ಮಗಳು ಕಾಫಿ ತಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿನ್ನ ಗಂಡ ರಾತ್ರಿ ಸರಿಯಾಗಿ ನಿದ್ದೆ ಮಾಡ್ತಾನಾ?"

"ಗೊರಕೆ ಕೇಳಿದ್ರೆ ಹಾಗೇ ಅನ್ಸುತ್ತೆ."

"ಊಟ?"

"ಅಪ್ಪಾ, ಅವರೇನು ನೀನು ಸಾಕಿರೋ ಕರುನಾ?"

ನಕ್ಕಳು. ಆದರೆ ಆ ನಗು ಅವಳದ್ದಲ್ಲ, ಯಾರಿಂದಲೋ ಕಡ ತಂದ ಹಾಗಿತ್ತು. ಗಂಡನ ಗ್ರಹಣ ಹೆಂಡತಿಗೂ ಹಿಡಿಯುತ್ತಿದೆ ಎಂದುಕೊಂಡ ಅಪ್ಪ. ಅವಳ ಅಮ್ಮ ಇದ್ದಿದ್ದರೆ ನಾಲ್ಕು ಮಾತು ಕೇಳಿ ಬಾಯಿ ಬಿಡಿಸುತ್ತಿದ್ದಳು. ಅವಳು ಹೋಗಿ ವರ್ಷಗಳೇ ಆಗಿದ್ದವು.

ಕಾಫಿ ಕುಡಿದು ಹೊರಟು ಬೀದಿಯ ತುದಿವರೆಗೆ ಹೋದವನು ಕನ್ನಡಕ ಮರೆತ ನೆಪ ಮಾಡಿಕೊಂಡು ಹಿಂದಕ್ಕೆ ಬಂದ. ಅಷ್ಟರಲ್ಲಿ ಅಳಿಯ ಮನೆಗೆ ಬಂದಿದ್ದ. ಬಾಗಿಲು ಅರ್ಧ ತೆರೆದಿತ್ತು. ಆ ದೊಡ್ಡ ಮನುಷ್ಯ ನೆಲದ ಮೇಲೆ ಮಂಡಿಯೂರಿ, ಸೋಫಾದ ಸಂದಿಯಲ್ಲಿ ಕೈ ಹಾಕಿ ತಡಕಾಡುತ್ತಿದ್ದ. ಮಾವನನ್ನು ಕಂಡದ್ದೇ ಕೆಂಪಾಗಿ ಎದ್ದು ನಿಂತ.

"ಏನು ಹುಡುಕ್ತಾ ಇದ್ದೀರಿ?"

"ಏನಿಲ್ಲ ಮಾವ. ಕೀ... ಗಾಡಿ ಕೀ."

ಕೀ ಅವನ ಬೆಲ್ಟಿಗೇ ನೇತಾಡುತ್ತಿತ್ತು. ಸೋಫಾದವನು ಅದನ್ನು ನೋಡಿದ, ಅಳಿಯನ ಮುಖ ನೋಡಿದ, ಮೂಗಿನ ಮೇಲಿದ್ದ ತನ್ನದೇ ಕನ್ನಡಕ ಸರಿಮಾಡಿಕೊಂಡು ಹೊರಟುಬಿಟ್ಟ. ಇಬ್ಬರ ಸುಳ್ಳೂ ಒಂದೇ ತೂಕದ್ದು ಎಂಬುದು ಅವನಿಗೆ ಹೊಳೆಯಲಿಲ್ಲ.

ಔಷಧಿ ಅಂಗಡಿಯವಳು ಅವನ ಹಳೇ ಗಿರಾಕಿ. ಪಟ್ಟಿಯನ್ನು ತಿರುಗಿಸಿ ನೋಡಿ, "ಇದು ಮನಸ್ಸು ಕುಗ್ಗಿದೋರಿಗೆ ಕೊಡೋ ಮಾತ್ರೆ. ಯಾರಿಗೆ?" ಎಂದಳು.

"ಯಾರದೋ ಸೋಫಾದಲ್ಲಿ ಸಿಕ್ತು."

"ಹಾಗಾದ್ರೆ ಬೇಗ ವಾಪಸ್ ಕೊಡಿ. ಇದನ್ನ ನಡುವೆ ನಿಲ್ಲಿಸಬಾರದು."

ಅವನು ಕೊಡಲಿಲ್ಲ. ಅಂಗಡಿಯ ಡ್ರಾಯರಿನಲ್ಲಿ ಮೊಳೆಗಳ ಡಬ್ಬಿಯ ಹಿಂದೆ ತಳ್ಳಿದ. ಆದರೆ ಅನುಮಾನದ ಹುಳ ಡ್ರಾಯರಿನಲ್ಲಿ ಇರುವುದಿಲ್ಲ, ತಲೆಯಲ್ಲಿ ಕೂತು ಕೊರೆಯುತ್ತದೆ. ಮಾರನೇ ದಿನ ಕೆಲಸ ಬಿಟ್ಟು ಮಗಳ ಮನೆಯ ಎದುರಿನ ಬಸ್ ನಿಲ್ದಾಣದಲ್ಲಿ ಹೋಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಅಳಿಯ ಒಂದು ಚೀಲ ತರಕಾರಿ ಹಿಡಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯ ಪರದೆ ಮುಚ್ಚಿತು. ಸಂಜೆ ಪಾಠದ ಹೊತ್ತಿನವರೆಗೂ ಅದು ತೆರೆಯಲಿಲ್ಲ. ಮರುದಿನವೂ ಹಾಗೇ. ಹಾಡುಹಗಲಲ್ಲಿ ಪರದೆ ಎಳೆದುಕೊಂಡು ಗೋಡೆ ನೋಡುತ್ತ ಕೂರುವ ಗಂಡಸು! ಅಪ್ಪನ ದಾರಿಯನ್ನೇ ಹಿಡಿದಿದ್ದಾನೆ, ರಕ್ತ ಎಲ್ಲಿಗೆ ಹೋದೀತು, ನನ್ನ ಮಗಳ ಬಾಳನ್ನೂ ಆ ಕೋಣೆಯೊಳಗೆ ಎಳೆದುಕೊಳ್ಳುತ್ತಾನೆ ಎಂದು ಅವನಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಭಯ. ಆ ಭಯ ಎಷ್ಟು ಹಳೆಯದೆಂದು ಅವನು ಯೋಚಿಸಲು ಹೋಗಲಿಲ್ಲ.

ಡ್ರೈವಿಂಗ್ ಶಾಲೆಯಲ್ಲಿ ಜನ ಕಾಯುವ ಬೆಂಚಿಗೆ ಹೊಸ ರೆಕ್ಸಿನ್ ಹಾಕಿಸಬೇಕೆಂದು ಅಲ್ಲಿನ ಯಜಮಾನ ತಿಂಗಳಿಂದ ಹೇಳುತ್ತಿದ್ದ. ಸೋಫಾದವನು ಅಳತೆಯ ನೆಪದಲ್ಲಿ ಹೋದ. ಟೇಪು ಹಿಡಿದು ಬಗ್ಗಿದವನು ಬಗ್ಗಿದಂತೆಯೇ ಕೇಳಿದ.

"ನಿಮ್ಮ ಮೇಷ್ಟ್ರುಗಳಿಗೆಲ್ಲ ಆರೋಗ್ಯದ ಪರೀಕ್ಷೆ ಮಾಡಿಸ್ತೀರಾ?"

"ಕಣ್ಣಿನ ಪರೀಕ್ಷೆ ಮಾಡಿಸ್ತೀವಿ. ಯಾಕೆ?"

"ಕಣ್ಣು ಸರಿ. ತಲೆ? ನನ್ನ ಅಳಿಯ ಅಂತ ಮುಚ್ಚಿಡಬಾರದು ನೋಡಿ. ಯಾವುದೋ ಮನಸ್ಸಿನ ಮಾತ್ರೆ ನುಂಗ್ತಾ ಇದ್ದಾನೆ. ಕಲಿಯೋಕೆ ಬರೋರ ಜೀವದ ಪ್ರಶ್ನೆ."

ಯಜಮಾನನ ಮುಖ ಬಿಳಿಚಿಕೊಂಡಿತು. ತಾನು ಮಗಳಿಗೋಸ್ಕರ ಮಾಡುತ್ತಿದ್ದೇನೆ, ಇವನಿಗೆ ಒಂದು ಪೆಟ್ಟು ಬಿದ್ದರೆ ಅವಳು ಎಚ್ಚೆತ್ತು ಮನೆಗೆ ಬರುತ್ತಾಳೆ ಎಂದು ಸೋಫಾದವನು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಅಂಗಡಿ ಮುಟ್ಟುವ ಹೊತ್ತಿಗೆ ಅದನ್ನು ನಂಬಿಯೂ ಬಿಟ್ಟಿದ್ದ.

ಮಗಳು ಬಂದಳು, ಆದರೆ ಅವನು ಅಂದುಕೊಂಡ ರೀತಿಯಲ್ಲಲ್ಲ. ಕಾರ್ಖಾನೆಯಲ್ಲಿರಬೇಕಾದ ಹೊತ್ತಿನಲ್ಲಿ, ತಲೆ ಕೂಡ ಬಾಚದೆ, ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕೂರಲು ಜಾಗ ಹುಡುಕಿ, ಬಟ್ಟೆ ಬಿಚ್ಚಿಟ್ಟಿದ್ದ ಒಂದು ಕುರ್ಚಿಯ ಪಟ್ಟಿಗಳ ಮೇಲೆಯೇ ಕೂತಳು.

"ಅವರನ್ನ ಗಾಡಿಯಿಂದ ಇಳಿಸಿದ್ದಾರೆ. ಈಗ ಬೋರ್ಡಿನ ಮೇಲೆ ಸಿಗ್ನಲ್ ಚಿತ್ರ ಬರೆದು ಪಾಠ ಮಾಡೋದು, ಫೋನ್ ಎತ್ತೋದು. ಯಜಮಾನರು ಮಾತ್ರೆ ತಗೊಳ್ತೀಯಾ ಅಂತ ಕೇಳಿದ್ರಂತೆ. ಇವರು ಹೌದೂ ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ಹೇಳಿದ್ದು ನೀನಂತೆ."

"ಹೌದು, ನಾನೇ. ಯಾರಾದ್ರೂ ಹೇಳ್ಬೇಕಿತ್ತು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

"ಅಪ್ಪಾ, ಮಾತ್ರೆ ನಂದು."

ಸೋಫಾದವನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಮಗಳು ಕುರ್ಚಿಯ ಪಟ್ಟಿಯೊಂದನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು.

"ಏನು ತಮಾಷೆ ಮಾಡ್ತೀಯೇ?"

"ಕಾರ್ಖಾನೆಗೆ ಹೋಗೋದು ಬಿಟ್ಟು ಎರಡು ತಿಂಗಳ ಮೇಲಾಯ್ತು. ನೀನು ಬರೋದು ರಜೆ ದಿನ, ನಿನಗೆ ಹೇಗೆ ಗೊತ್ತಾಗ್ಬೇಕು?"

ಅಲ್ಲಲ್ಲಿ ನಿಂತು ಹೇಳಿದಳು. ಕಾರ್ಖಾನೆಯಲ್ಲಿ ಒಂದು ವಿಭಾಗ ಮುಚ್ಚಿದರು. ಯಾರು ಯಾರು ನಾಳೆಯಿಂದ ಬರಬೇಕಾಗಿಲ್ಲ ಎಂದು ಓದಿ ಹೇಳುವ ಕೆಲಸ ಇವಳಂಥ ಮೇಲ್ವಿಚಾರಕರ ಪಾಲಿಗೆ ಬಂತು. ಅವಳ ಪಾಲಿಗೆ ಬಂದವರು ಅವಳಿಗೆ ಕೆಲಸ ಕಲಿಸಿದ ಹೆಂಗಸರು, ಮಧ್ಯಾಹ್ನ ತಮ್ಮ ಡಬ್ಬಿಯಿಂದ ತೆಗೆದು ಅವಳ ತಟ್ಟೆಗೆ ಹಾಕುತ್ತಿದ್ದವರು. ಓದಿದಳು. ಒಬ್ಬಾಕೆ ಬಂದು, ನಿನ್ನ ತಪ್ಪೇನಿದೆ ಬಿಡೇ ಎಂದು ಇವಳ ಬೆನ್ನನ್ನೇ ಸವರಿ ಹೋದಳು. ಮರುದಿನ ಬೆಳಿಗ್ಗೆ ಚಪ್ಪಲಿಗೆ ಕಾಲು ಹಾಕಲು ಹೋದರೆ ಕಾಲು ಏಳಲಿಲ್ಲ.

"ನನ್ನ ಜೊತೆ ಇನ್ನಿಬ್ಬರು ಓದಿದ್ರು ಅಪ್ಪಾ. ಅವರೂ ಅತ್ತರು. ಒಂದು ವಾರ ಬೇಜಾರಲ್ಲಿದ್ರು, ಆಮೇಲೆ ಸರಿಹೋದ್ರು. ನಾನು ಮಾತ್ರ ಆ ಸೋಫಾ ಬಿಟ್ಟು ಏಳೋಕಾಗ್ಲಿಲ್ಲ. ಬೆಳಿಗ್ಗೆ ಕೂತ್ರೆ ಸಂಜೆ. ಯಾಕೆ ಹೀಗೆ? ನನಗೆ ಮಾತ್ರ ಯಾಕೆ?"

ಹೊತ್ತು. ಅವನು ಕೂತವರ ಭಾರವನ್ನು ಲೆಕ್ಕ ಹಾಕಿದ್ದ, ಕೂತ ಹೊತ್ತನ್ನು ಮರೆತಿದ್ದ. ಗುಬ್ಬಿಯಂಥ ಮೈಯೂ ಬೆಳಗಿನಿಂದ ಸಂಜೆವರೆಗೆ, ದಿನಾ, ಅದೇ ಜಾಗದಲ್ಲಿ ಕೂತರೆ ಎಂಥ ಸ್ಪಂಜಾದರೂ ಸೋಲುತ್ತದೆ. ಕೆಲಸ ಕಲಿಯುವ ಹುಡುಗರಿಗೂ ಗೊತ್ತಿರುವ ಸಂಗತಿ.

"ಮೊದಲು ಗೊತ್ತಾಗಿದ್ದು ಅವರಿಗೇ. ಅವರಪ್ಪನ್ನ ನೋಡಿದ್ದಾರಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಮಧ್ಯಾಹ್ನ ಬಂದು ಅಡುಗೆ ಮಾಡಿ, ತಿನ್ನಿಸಿ, ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದ್ರೆ ಪರದೆ ಎಳೆದು, ಸುಮ್ಮನೆ ಪಕ್ಕದಲ್ಲಿ ಕೂರ್ತಾರೆ. ನಿನಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡವಳು ನಾನು. ನೀನು ಅವರ ಮನೆತನದ ಬಗ್ಗೆ ಆಡೋ ಮಾತು ಕೇಳಿ ಕೇಳಿ ನನಗೆ ಹೆದರಿಕೆ. ನನ್ನ ಬಗ್ಗೇನೂ ಹಾಗೇ ಅಂದ್ಕೊಂಡ್ರೆ ಅಂತ."

ಸೋಫಾದವನು ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಒಂದು ಮೊಳೆ ಹೆಕ್ಕಿಕೊಂಡ.

"ಡಾಕ್ಟರು ಕೇಳಿದ್ರು, ನಿಮ್ಮ ಕಡೆ ಯಾರಿಗಾದ್ರೂ ಹೀಗೆ ಆಗಿತ್ತಾ ಅಂತ. ಬರೀ ರಕ್ತದಿಂದ ಬರೋದಲ್ಲ, ಬರೀ ಕಷ್ಟದಿಂದ ಬರೋದೂ ಅಲ್ಲ, ಮನೆತನದಲ್ಲಿ ಇದು ಇದ್ದೋರಿಗೆ ಮೇಲಿಂದ ಇಂಥ ಏಟು ಬಿದ್ರೆ ಅಪಾಯ ಜಾಸ್ತಿ ಅಂದ್ರು. ಅದೇ ಏಟು ಬೇರೆಯೋರಿಗೆ ಅಷ್ಟು ತಾಗದೇ ಇರಬಹುದಂತೆ. ಗೊತ್ತಿದ್ರೆ ಮುಂದಕ್ಕೂ ಎಚ್ಚರ ಇರಬಹುದು ಅಂತ ಕೇಳಿದ್ದು. ನಾನು ಯಾರಿಗೂ ಇಲ್ಲ ಅಂದೆ."

"ಸರಿಯಾಗೇ ಹೇಳಿದ್ದೀಯ. ನಮ್ಮಲ್ಲಿ ಯಾರಿಗಿದೆ?"

"ನಿನ್ನ ಬೆನ್ನುನೋವಿನ ವರ್ಷದ ಬಗ್ಗೆ ಹೇಳಲಿಲ್ಲ."

ಅಂಗಡಿಯ ಹೊರಗೆ ಯಾರೋ ಷಟರ್ ಎಳೆದ ಸದ್ದು ದಡಬಡ ಎಂದು ಬಂದು ಹೋಯಿತು. ಬೆನ್ನುನೋವಿನ ವರ್ಷ ಎಂಬುದು ಆ ಮನೆಯ ಮಾತು. ಅವನು ದುಡಿಯುತ್ತಿದ್ದ ಪೀಠೋಪಕರಣದ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅವನು ಹಾಸಿಗೆ ಹಿಡಿದಿದ್ದ. ಗೋಡೆಗೆ ಮುಖ ಮಾಡಿ ಮಲಗಿದವನು ಗಡ್ಡ ಬೋಳಿಸಲಿಲ್ಲ, ಮಾತಾಡಲಿಲ್ಲ, ಮಗಳ ಹುಟ್ಟುಹಬ್ಬಕ್ಕೂ ಏಳಲಿಲ್ಲ. ಬಂದವರಿಗೆಲ್ಲ ಅವನ ಹೆಂಡತಿ ಬೆನ್ನು ಹಿಡ್ಕೊಂಡಿದೆ ಎಂದಳು. ಅದಕ್ಕೂ ಮೊದಲು ಅವನ ಅಮ್ಮ ಆಗಾಗ ತಿಂಗಳುಗಟ್ಟಲೆ ಕತ್ತಲೆ ಕೋಣೆ ಸೇರುತ್ತಿದ್ದಳು, ಅವಳಿಗೆ ತಲೆನೋವು. ಅವನ ವಂಶದಲ್ಲಿ ಮನಸ್ಸಿನ ಕಾಯಿಲೆ ಯಾರಿಗೂ ಇರಲಿಲ್ಲ. ಒಬ್ಬರಿಗೆ ತಲೆ, ಇನ್ನೊಬ್ಬರಿಗೆ ಬೆನ್ನು, ಅಷ್ಟೇ.

"ಅದು ಬೆನ್ನೇ," ಎಂದ ಸೋಫಾದವನು. "ಬಗ್ಗಿ ಬಗ್ಗಿ ಮಾಡೋ ಕೆಲಸ."

"ದಿನಾ ಸಂಜೆ ಎಣ್ಣೆ ತಿಕ್ಕಿದ್ದು ನಾನು ಅಪ್ಪಾ. ಶಾಲೆಯಿಂದ ಬಂದು ಚೀಲಾನೂ ಇಳಿಸ್ದೆ ಕೂರ್ತಿದ್ದೆ. ಎಲ್ಲಿ ಒತ್ತಿದ್ರೂ ನಿನಗೆ ನೋವೇ ಆಗ್ತಿರ್ಲಿಲ್ಲ. ಎಲ್ಲಿ ನೋವು ಅಂದ್ರೆ, ಇಲ್ಲೇ ಎಲ್ಲೋ ಅಂತಿದ್ದೆ. ನಾನು ಸರಿಯಾದ ಜಾಗ ಸಿಗ್ತಾ ಇಲ್ಲ, ಅದಕ್ಕೇ ಅಪ್ಪ ಏಳ್ತಾ ಇಲ್ಲ ಅಂದ್ಕೊಂಡು ಇನ್ನೂ ಜೋರಾಗಿ ತಿಕ್ತಿದ್ದೆ." ಅವಳು ತಲೆ ಎತ್ತಿದಳು. "ನಾನೀಗ ನಿನ್ನನ್ನ ಬೈಯೋಕೆ ಬಂದಿಲ್ಲ. ಒಂದು ಮಾತು ಹೇಳು ಸಾಕು. ನಾನು ಕೈಲಾಗದೋಳು ಅಂತ ಹೀಗಾಯ್ತಾ, ಅಥವಾ..."

ಅದು ಬೆನ್ನಲ್ಲ ಎಂದರೆ ತಾನು ಇಷ್ಟು ವರ್ಷ ಕಟ್ಟಿಕೊಂಡ ಮರ್ಯಾದೆ ಹೋಗುತ್ತದೆ. ಬೆನ್ನೇ ಎಂದರೆ ಇವಳು ಹೋಗುತ್ತಾಳೆ. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ಆದರೂ ಸುತ್ತಿಗೆಯನ್ನು ಎಲ್ಲಿಡಬೇಕೆಂದು ಬಹಳ ಹೊತ್ತು ನೋಡಿದ. ಕೊನೆಗೆ ನೆಲದ ಮೇಲಿಟ್ಟು ಅಲ್ಲೇ ಅವಳ ಕಾಲ ಬಳಿ ಕೂತ.

"ಬೆನ್ನಿಗೇನೂ ಆಗಿರ್ಲಿಲ್ಲ," ಎಂದ. "ಎದ್ದೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಏಳೋನೇ ಒಳಗಿರ್ಲಿಲ್ಲ. ನಿನ್ನ ಕೈ ಬೆನ್ನ ಮೇಲೆ ಇರೋವಷ್ಟು ಹೊತ್ತು ಮಾತ್ರ, ಇವತ್ತು ಇರೋಣ ಅನ್ಸ್ತಿತ್ತು. ನಿಮ್ಮಜ್ಜಿದೂ ತಲೆನೋವಲ್ಲ. ನಿನ್ನ ಡಾಕ್ಟರಿಗೆ ಹೇಳು. ಬೇಡ, ನಾನೇ ಬಂದು ಹೇಳ್ತೀನಿ."

ಮಗಳು ಅಳಲಿಲ್ಲ. ಬಗ್ಗಿ ಅಪ್ಪನ ನೆತ್ತಿಯ ಮೇಲೆ ಕೂತಿದ್ದ ಹತ್ತಿಯ ಎಳೆಯೊಂದನ್ನು ತೆಗೆದಳು. ಮೊಳೆ ಡಬ್ಬಿಯ ಹಿಂದಿನ ಮಾತ್ರೆಗಳನ್ನು ಅವಳ ಕೈಗಿಡುವಾಗ ಅವನು ಮುಖ ಎತ್ತಲಿಲ್ಲ. ಅವರು ಅವತ್ತೇ ಬೇರೆ ತಂದರು ಬಿಡು ಎಂದಳು.

ಅವಳನ್ನು ಮನೆಗೆ ಬಿಟ್ಟು, ಸೋಫಾದವನು ಕೆಲಸದ ಚೀಲದ ಸಮೇತ ಸೀದಾ ಡ್ರೈವಿಂಗ್ ಶಾಲೆಗೆ ನಡೆದ. ಮಗಳ ಹೆಸರು ಎತ್ತುವ ಹಾಗಿಲ್ಲ, ಮುಂದೊಂದು ದಿನ ಅವಳು ಮತ್ತೆ ಕೆಲಸಕ್ಕೆ ಹೋಗಬೇಕು. ಹಾಗಾದರೆ ಏನು ಹೇಳುವುದು? ನನಗೆ ತಪ್ಪು ತಿಳಿವಳಿಕೆ ಆಯಿತು ಎಂದರೆ ಸಾಕಲ್ಲವೇ ಎಂದು ದಾರಿಯಲ್ಲಿ ಹತ್ತು ಸಲ ಅಂದುಕೊಂಡ. ಸಾಕಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊರಗೆ ಬಂದ ಅನುಮಾನವನ್ನು ಬರಿಗೈಯಲ್ಲಿ ವಾಪಸು ಕಳಿಸಲಾಗುವುದಿಲ್ಲ, ಅದರ ಕೈಗೆ ಇನ್ನೇನಾದರೂ ಕೊಡಬೇಕು.

ಅಳಿಯ ಗಾಜಿನ ಆಚೆ ಬೋರ್ಡಿನ ಮುಂದೆ ನಿಂತು ಬಾಣದ ಗುರುತು ಬರೆಯುತ್ತಿದ್ದ. ಮಾವನನ್ನು ನೋಡಿ ಕೈ ನಿಲ್ಲಿಸಿದ.

"ಬನ್ನಿ ಸೋಫಾದವ್ರೇ, ಬೆಂಚಿಗೆ ಬಣ್ಣ ಆರಿಸೋಣ," ಎಂದ ಯಜಮಾನ. ಸೋಫಾದವನು ಮೇಜಿನ ಎದುರು ಕೂತ.

"ಬೆಂಚು ಆಮೇಲೆ. ಮೊನ್ನೆ ನಾನು ಹೇಳಿದ್ದು ಸುಳ್ಳು. ಆ ಮಾತ್ರೆ ನನ್ನ ಅಳಿಯಂದಲ್ಲ. ಅವನಿಗೆ ಯಾವ ಕಾಯಿಲೆಯೂ ಇಲ್ಲ."

"ಮತ್ತೆ ಯಾರದ್ದು?"

"ಕಾಯಿಲೆ ನಮ್ಮ ಮನೆಯದು. ನನ್ನ ಅಮ್ಮನಿಗಿತ್ತು, ನನಗೆ ಬಂತು. ಒಂದು ವರ್ಷ ಹಾಸಿಗೆ ಬಿಟ್ಟು ಎದ್ದಿಲ್ಲ ನಾನು. ಬೆನ್ನುನೋವು ಅಂತ ಊರಿಗೆಲ್ಲ ಸುಳ್ಳು ಹೇಳಿದ್ವಿ. ಅದನ್ನ ಅವನ ತಲೆಗೆ ಕಟ್ಟಿದೆ. ಅವನಿಗೆ ಗಾಡಿ ಕೊಡಿ."

ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಳಿಯ ಸೀಮೆಸುಣ್ಣ ಕೆಳಗಿಟ್ಟು ಹೊಸ್ತಿಲವರೆಗೆ ಬಂದ. "ಮಾವ," ಎಂದ, ಎಂದಿನಂತೆ ಮುಂದಿನ ಮಾತು ಬರಲಿಲ್ಲ. ಯಜಮಾನ ಅವನ ಕಡೆ ತಿರುಗಿ, ಸಂಜೆಯ ಪಾಠಕ್ಕೆ ಗಾಡಿ ತಗೊಳ್ಳಿ ಮೇಷ್ಟ್ರೇ, ಕೀ ಅಲ್ಲಿದೆ ಎಂದ. ಅಳಿಯ ಕೀ ತೆಗೆದುಕೊಂಡ, ಮಾವನ ಪಕ್ಕದಲ್ಲಿ ಒಂದು ಕ್ಷಣ ನಿಂತ, ಹೊರಗೆ ಹೋದ.

ಆಮೇಲೆ ಯಜಮಾನ ಸೋಫಾದವನನ್ನು ನೋಡತೊಡಗಿದ. ಮೊದಲು ಮುಖ, ಆಮೇಲೆ ಕೈ, ಆಮೇಲೆ ಕಾಲ ಬಳಿ ಇಟ್ಟಿದ್ದ ಚೀಲ. ಚೀಲದ ಬಾಯಿಂದ ಬಟ್ಟೆ ಕೊಯ್ಯುವ ಚಾಕುವಿನ ಹಿಡಿ ಕಾಣುತ್ತಿತ್ತು. ಮೇಜಿನ ಮೇಲಿದ್ದ ರೆಕ್ಸಿನ್ ತುಂಡುಗಳನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ಬೆಂಚಿಗೆ ಅವಸರ ಇಲ್ಲ ಬಿಡಿ," ಎಂದ, ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತಾಗಿ. "ನೀವು... ಈಗ ಹೇಗಿದ್ದೀರಿ?"

ಆ ದನಿ, ಆ ನೋಟ ಎರಡೂ ಸೋಫಾದವನಿಗೆ ಚೆನ್ನಾಗಿ ಗೊತ್ತಿದ್ದವು, ಅಳಿಯನನ್ನು ತಾನು ನೋಡುತ್ತಿದ್ದದ್ದು ಹೀಗೆಯೇ. ಎದ್ದು ಹೋಗಬೇಕೆನಿಸಿತು. ಹೊರಗೆ ಕಾರು ಶುರುವಾಗಿ, ಸ್ವಲ್ಪ ಮುಂದಕ್ಕೆ ಹೋಗಿ, ಅಲ್ಲೇ ನಿಂತು ಕಾಯತೊಡಗಿತು. ಅವನು ಎರಡೂ ಕೈಗಳನ್ನು ಮಂಡಿಗಳ ಮೇಲೆ, ಕಾಣುವ ಹಾಗೆ ಇಟ್ಟುಕೊಂಡ.

"ಚೆನ್ನಾಗಿದ್ದೀನಿ," ಎಂದ. ನೋಡಲಿ ಎಂದು ಕೂತೇ ಇದ್ದ.